ವಿಗ್ರಹ ಕಳವು ಮತ್ತು ಪುರಾವಸ್ತು ರಕ್ಷಣೆ: ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ

ಬೆಳಗಾವಿ ಜಿಲ್ಲೆಯ ಪೂರ್ವ ಮತ್ತು ದಕ್ಷಿಣ ಭಾಗದ ಈ ನಾಲ್ಕು ತಾಲ್ಲೂಕುಗಳು ಮಲಪ್ರಭೆಯ ಆಸುಪಾಸಿನ ಎರೆನೆಲ ಮತ್ತು ಕಲ್ಲುಗುಡ್ಡಗಳ ಸೀಮೆ. ಸುಗಂಧವರ್ತಿ ಎನಿಸಿಕೊಂಡಿದ್ದ ಸವದತ್ತಿ ರಟ್ಟ ಅರಸರ ಮೊದಲ ರಾಜಧಾನಿ. ಕಿತ್ತೂರು ದೇಸಗತಿಯ, ಅಂದರೆ ದೇಸಾಯಿ ಮನೆತನ ಆಳಿದ, ಊರು. ಬೈಲಹೊಂಗಲದ ಕೋಟೆಯಲ್ಲಿ ಕಿತ್ತೂರಿನ ರಾಣಿ ಚನ್ನಮ್ಮ ಬ್ರಿಟಿಷರ ಸೆರೆಯಲ್ಲಿದ್ದು 1829ರ ಫೆಬ್ರುವರಿಯಲ್ಲಿ ತೀರಿಕೊಂಡಳು. ಅವಳ ಸಮಾಧಿ ಅಲ್ಲೇ ಇದೆ. ರಾಮದುರ್ಗ 1948ರವರೆಗೆ ಸಂಸ್ಥಾನವಾಗಿತ್ತು. ಸಾವಿರ ವರ್ಷಕ್ಕೂ ಹೆಚ್ಚು ಕಾಲದ ಗುಡಿ, ಬಸದಿ, ಶಾಸನ, ವೀರಗಲ್ಲುಗಳು ಇಲ್ಲಿನ ಊರುಗಳಲ್ಲೂ ಹೊಲಗಳಲ್ಲೂ ಹರಡಿವೆ. ಈ ಸಂಪತ್ತು ಯಾವ ಯಾವ ದಾರಿಯಿಂದ ಕೈತಪ್ಪುತ್ತದೆ, ಅದನ್ನು ಉಳಿಸಿಕೊಳ್ಳುವ ಕಾನೂನು ಮತ್ತು ವ್ಯವಸ್ಥೆ ಏನು, ಇದೇ ವಸ್ತುವನ್ನು ಚಲನಚಿತ್ರಗಳು ಹೇಗೆ ಹೇಳಿವೆ ಎಂಬುದು ಈ ಲೇಖನದ ವಿಷಯ.

ಸೀಮೆಯ ಸಂಪತ್ತು

ಕಿತ್ತೂರಿಗೆ ಹತ್ತಿರದ ದೇಗಾಂವದ ಕಮಲನಾರಾಯಣ ಗುಡಿ ಈ ಭಾಗದ ಶಿಲ್ಪಕ್ಕೆ ಕಿರೀಟ. ಗೋವೆಯ ಕದಂಬ ದೊರೆ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ 12ನೆಯ ಶತಮಾನದಲ್ಲಿ ಇದನ್ನು ಕಟ್ಟಿಸಿದಳು. ಶಿಲ್ಪಿ ತಿಪ್ಪೋಜ. ಶಾಸನಗಳಲ್ಲಿ ಊರಿನ ಹೆಸರು ದೇಗಾಂವೆ. ಒಂದೇ ಸಾಲಿನಲ್ಲಿ ನಿಂತ ಮೂರು ಗರ್ಭಗುಡಿಗಳು, ಅವುಗಳ ಮುಂದೆ ಉದ್ದಕ್ಕೆ ಹಬ್ಬಿದ ಕಂಬಗಳ ಮಂಟಪ. ಚಾಲುಕ್ಯ ಶೈಲಿಯ ಗುಡಿಗಳನ್ನು ನೋಡಿ ಪಳಗಿದವರಿಗೂ ಈ ವಿನ್ಯಾಸ ಹೊಸದೆನಿಸುತ್ತದೆ.

ಸವದತ್ತಿ ತಾಲ್ಲೂಕಿನ ಹೂಲಿಯನ್ನು ಶಾಸನಗಳು ಪೂಲಿ ಎಂದು ಕರೆಯುತ್ತವೆ. ಸಾವಿರ ಮಹಾಜನರ ಅಗ್ರಹಾರವಾಗಿದ್ದ ಊರು ಅದು. ಪಂಚಲಿಂಗೇಶ್ವರ ಗುಡಿ ಪೂಜೆಯಲ್ಲಿದೆ. ಸುತ್ತಲಿನ ಎಷ್ಟೋ ಗುಡಿಗಳು ಅರ್ಧ ಬಿದ್ದು, ಮುಳ್ಳುಕಂಟಿ ಬೆಳೆದು ನಿಂತಿವೆ. ಪಂಚಲಿಂಗೇಶ್ವರ ಮೂಲದಲ್ಲಿ ಬಸದಿಯಾಗಿತ್ತೆಂದು ವಿದ್ವಾಂಸರು ಹೇಳುತ್ತಾರೆ. ಈ ಮಾತನ್ನು ನೆನಪಿನಲ್ಲಿಡಬೇಕು. ಒಂದು ಜಿನಬಿಂಬ ಗುಡಿಯ ಹೊರಗೆ ಅಥವಾ ಹೊಲದ ಬದುವಿನಲ್ಲಿ ಕಂಡರೆ ಅದನ್ನು ಕಳ್ಳರೇ ತಂದು ಬಿಟ್ಟಿರಬೇಕೆಂದಿಲ್ಲ. ಮತ ಬದಲಾದಾಗ, ಊರು ಬದಲಾದಾಗ ಮೂರ್ತಿಗಳೂ ಜಾಗ ಬದಲಿಸಿವೆ. ನವಿಲುತೀರ್ಥದ ಅಣೆಕಟ್ಟು ಕಟ್ಟಿ ಮಲಪ್ರಭೆಯ ದಂಡೆಯ ಹಳ್ಳಿಗಳು ಮುಳುಗಡೆಯಾದಾಗಲೂ ಜನ ದೇವರನ್ನು ಹೊಸ ಊರಿಗೆ ಒಯ್ದರು. ಆದರೆ ಹಳೆಯ ಗುಡಿಯ ಯಾವ ಕಲ್ಲು ಎಲ್ಲಿಗೆ ಹೋಯಿತೆಂಬ ಲೆಕ್ಕ ಇಂಥ ಹೊತ್ತಿನಲ್ಲಿ ಸುಲಭವಾಗಿ ತಪ್ಪುತ್ತದೆ.

ಬೈಲಹೊಂಗಲ ಭಾಗದ ಸೊಗಲದ ಸೋಮೇಶ್ವರ, ಒಕ್ಕುಂದದ ಮುಕ್ತೇಶ್ವರ, ರಾಮದುರ್ಗ ತಾಲ್ಲೂಕಿನ ತೋರಗಲ್ಲಿನ ಭೂತನಾಥ ಗುಡಿಗಳು, ಗೊಡಚಿಯ ವೀರಭದ್ರ, ಸವದತ್ತಿ ಭಾಗದ ಸಿರಸಂಗಿಯ ಕಾಳಿಕಾದೇವಿ, 1514ರಲ್ಲಿ ಬೊಮ್ಮಪ್ಪ ನಾಯಕ ಕಟ್ಟಿಸಿದನೆನ್ನುವ ಸವದತ್ತಿಯ ರೇಣುಕಾ ಯಲ್ಲಮ್ಮ ಗುಡಿ: ಪಟ್ಟಿ ಇಷ್ಟಕ್ಕೇ ಮುಗಿಯುವುದಿಲ್ಲ. ಜಾತ್ರೆ ನೆರೆಯುವ ಗುಡಿಗಳಿಗೆ ಕಾವಲಿದೆ, ಬೆಳಕಿದೆ, ಕಮಿಟಿಯಿದೆ. ಅಪಾಯ ಹೆಚ್ಚಿರುವುದು ಪೂಜೆ ನಿಂತ ಗುಡಿಗಳಿಗೆ, ಅಗಸಿಯಾಚೆಯ ವೀರಗಲ್ಲುಗಳಿಗೆ, ಕೆರೆಯ ಏರಿಯ ಮೇಲಿನ ಶಾಸನಗಳಿಗೆ.

ಕಿತ್ತೂರಿನ ಖಜಾನೆ ಮತ್ತು ವಾಲ್ಟರ್ ಎಲಿಯಟ್

ಈ ಸೀಮೆಯಲ್ಲಿ ಸಂಪತ್ತಿಗೆ ಅಧಿಕಾರಿಯೇ ಬೀಗ ಜಡಿದ ಪ್ರಸಿದ್ಧ ಪ್ರಸಂಗ 1824ರದು. ದೇಸಾಯಿ ಶಿವಲಿಂಗರುದ್ರ ಸರ್ಜ ತೀರಿಕೊಂಡ ಮೇಲೆ ದತ್ತಕವನ್ನು ಒಪ್ಪದ ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಖಜಾನೆಗೆ ಮುದ್ರೆ ಹಾಕಿಸಿ ಕಾವಲಿಟ್ಟ. ರಾಣಿ ಚನ್ನಮ್ಮನ ಪಡೆಯೊಡನೆ ಅಕ್ಟೋಬರ್ 23ರಂದು ನಡೆದ ಕಾಳಗದಲ್ಲಿ ಅವನು ಸತ್ತ. ಡಿಸೆಂಬರಿನಲ್ಲಿ ಬ್ರಿಟಿಷರ ದೊಡ್ಡ ಪಡೆ ಬಂದು ಕೋಟೆ ಬಿತ್ತು, ಸಂಪತ್ತು ಗೆದ್ದವರ ಪಾಲಾಯಿತು. ಶತಮಾನಗಳ ದೇಸಗತಿಯ ಆಭರಣ, ಆಯುಧ, ದೇವರ ಒಡವೆಗಳಲ್ಲಿ ಏನೇನಿತ್ತೆಂದು ಇಂದು ವಸ್ತುವಾರು ಹೇಳುವುದು ಆಗದ ಮಾತು.

ಅಕ್ಟೋಬರಿನ ಆ ಕಾಳಗದಲ್ಲಿ ಸೆರೆ ಸಿಕ್ಕ ಇಬ್ಬರು ಇಂಗ್ಲಿಷ್ ಅಧಿಕಾರಿಗಳಲ್ಲಿ ಒಬ್ಬ, ಇಪ್ಪತ್ತೊಂದರ ಹರೆಯದ ವಾಲ್ಟರ್ ಎಲಿಯಟ್. ಚನ್ನಮ್ಮನ ಕಡೆಯವರು ಇಬ್ಬರನ್ನೂ ಕೊಲ್ಲದೆ ಕಾಪಾಡಿ, ಕೊನೆಗೆ ಬಿಟ್ಟುಕೊಟ್ಟರು. ಇದೇ ಎಲಿಯಟ್ ಮುಂದೆ ಕನ್ನಡ ನಾಡಿನ ಊರೂರು ಸುತ್ತಿಸಿ 595 ಶಾಸನಗಳ ಪ್ರತಿ ಮಾಡಿಸಿದ; 1837ರಲ್ಲಿ ಅವುಗಳ ಆಧಾರದಿಂದ ಚಾಲುಕ್ಯರ ಚರಿತ್ರೆಯನ್ನು ಬರೆದು ಪ್ರಕಟಿಸಿದ. ಕನ್ನಡ ಶಾಸನಗಳ ಮೊದಮೊದಲ ದೊಡ್ಡ ಸಂಗ್ರಹಗಳಲ್ಲಿ ಅದೊಂದು. 1845ರಲ್ಲಿ ಆಂಧ್ರದ ಅಮರಾವತಿಯಲ್ಲಿ ಸ್ತೂಪದ ಶಿಲ್ಪಫಲಕಗಳನ್ನು ಅಗೆಸಿ ಮದ್ರಾಸಿಗೆ ಸಾಗಿಸಿದವನೂ ಅವನೇ. ಅಲ್ಲಿಂದ ಲಂಡನ್ನಿಗೆ ಹೋದ ಆ ಫಲಕಗಳು ಇಂದು ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಶಾಸನದ ಪ್ರತಿ ತೆಗೆದು ಕಲ್ಲನ್ನು ಊರಲ್ಲೇ ಬಿಟ್ಟದ್ದು ಒಂದು ಕೆಲಸ, ಕಲ್ಲನ್ನೇ ಎತ್ತಿಕೊಂಡು ಹೋದದ್ದು ಇನ್ನೊಂದು. ಎರಡನ್ನೂ ಒಬ್ಬನೇ ಮಾಡಿದ. ಮೊದಲನೆಯದರ ಋಣ ನಮ್ಮ ಮೇಲಿದೆ. ಎರಡನೆಯದನ್ನು ಒಪ್ಪುವುದು ಸಾಧ್ಯವಿಲ್ಲ.

ರಟ್ಟರ ಕಲ್ಲೂ ಲಂಡನ್ನಿನಲ್ಲಿದೆ. ಸವದತ್ತಿಯಿಂದ ರಾಜಧಾನಿಯನ್ನು ವೇಣುಗ್ರಾಮಕ್ಕೆ, ಅಂದರೆ ಇಂದಿನ ಬೆಳಗಾವಿಗೆ, ಬದಲಿಸಿದ ಮೇಲೆ ನಾಲ್ಕನೆಯ ಕಾರ್ತವೀರ್ಯನ ಕಾಲದಲ್ಲಿ ಅಲ್ಲಿ ರಟ್ಟಜಿನಾಲಯ ಎದ್ದಿತು. ಅದಕ್ಕೆ 1204ರಲ್ಲಿ ಕೊಟ್ಟ ದತ್ತಿಯ ಶಾಸನ ಬ್ರಿಟಿಷ್ ಮ್ಯೂಸಿಯಂ ಸೇರಿತು. ಎಲ್. ಡಿ. ಬಾರ್ನೆಟ್ ಅದನ್ನು ಎಪಿಗ್ರಾಫಿಯ ಇಂಡಿಕಾದ 13ನೆಯ ಸಂಪುಟದಲ್ಲಿ ಪ್ರಕಟಿಸಿದ. ಸವದತ್ತಿಯ ರಟ್ಟ ಶಾಸನಗಳನ್ನು ಓದಿ ಅಚ್ಚು ಹಾಕಿಸಿದ ಜೆ. ಎಫ್. ಫ್ಲೀಟ್, 1874ರಲ್ಲಿ ಬೆಳಗಾವಿ–ಕಲಾದಗಿ ಜಿಲ್ಲೆಗಳ ಸಮೀಕ್ಷೆಯನ್ನೇ ತನ್ನ ಮೊದಲ ವರದಿಯಾಗಿಸಿದ ಜೇಮ್ಸ್ ಬರ್ಜೆಸ್, 1926ರಲ್ಲಿ ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುವಿನ ಗ್ರಂಥ ತಂದ ಹೆನ್ರಿ ಕಸಿನ್ಸ್ ಇವರೆಲ್ಲರ ನಕ್ಷೆ, ಪಾಠ, ಫೋಟೋಗಳು ಈಗ ನಮ್ಮ ಕೈಗೆ ಸಿಗುವ ಹಳೆಯ ಸಾಕ್ಷಿಗಳು. ಒಂದು ಮೂರ್ತಿ ಇಲ್ಲಿತ್ತೆಂದು ನ್ಯಾಯಾಲಯದಲ್ಲಿ ತೋರಿಸಬೇಕಾದರೆ ಇಂಥ ಕಾಗದವೇ ಬೇಕು.

ಆದರೆ ಈ ಸಮೀಕ್ಷೆಗಳಿಗೆ ಮಿತಿಯಿತ್ತು. ಆಗಿನ ಸಂಪಗಾಂವ ತಾಲ್ಲೂಕು (ಇಂದಿನ ಬೈಲಹೊಂಗಲ) ಮತ್ತು ಪರಸಗಡ ತಾಲ್ಲೂಕು (ಇಂದಿನ ಸವದತ್ತಿ) ನೇರ ಬ್ರಿಟಿಷ್ ಆಡಳಿತದಲ್ಲಿದ್ದವು. ರಾಮದುರ್ಗ ಬೇರೆ ಸಂಸ್ಥಾನ, ತೋರಗಲ್ಲು ಕೊಲ್ಲಾಪುರದ ಅಧೀನದ ಜಹಗೀರು. 1904ರ ಪ್ರಾಚೀನ ಸ್ಮಾರಕ ಸಂರಕ್ಷಣಾ ಕಾಯಿದೆ ಬ್ರಿಟಿಷ್ ಇಂಡಿಯಾಕ್ಕೆ ಮಾತ್ರ ಅನ್ವಯಿಸುತ್ತಿತ್ತು. ಒಂದೇ ನದಿಯ ದಂಡೆಯ ಗುಡಿಗಳಿಗೆ ಬೇರೆ ಬೇರೆ ಕಾಯಿದೆ, ಬೇರೆ ಬೇರೆ ದಫ್ತರ.

ನಿಧಿಗಳ್ಳತನ

ಉತ್ತರ ಕರ್ನಾಟಕದಲ್ಲಿ ಪುರಾವಸ್ತುಗಳಿಗೆ ದೊಡ್ಡ ಶತ್ರು ವಿದೇಶದ ಗ್ಯಾಲರಿಯಲ್ಲ, ನಿಧಿಗಳ್ಳ. ಅವನಿಗೆ ಮೂರ್ತಿ ಬೇಡ. ಮೂರ್ತಿಯ ಕೆಳಗೆ ಬಂಗಾರವಿದೆ ಎಂಬ ನಂಬಿಕೆ ಅವನದು. ಆದ್ದರಿಂದ ಅವನು ಕದಿಯುವುದಕ್ಕಿಂತ ಒಡೆಯುವುದೇ ಹೆಚ್ಚು.

ಈ ನಂಬಿಕೆಗೆ ಒಂದು ಎಳೆಯಷ್ಟು ಆಧಾರವಿದೆ. ಆಗಮದ ಪ್ರಕಾರ ದೇವರನ್ನು ಪ್ರತಿಷ್ಠಾಪಿಸುವಾಗ ಪೀಠದ ಕೆಳಗೆ ರತ್ನನ್ಯಾಸ ಮಾಡುತ್ತಾರೆ. ನವರತ್ನದ ಚೂರು, ಚಿಟಿಕೆ ಲೋಹ, ನವಧಾನ್ಯ ಇಷ್ಟೇ. ಗುಡಿ ಕಟ್ಟುವಾಗ ಗರ್ಭನ್ಯಾಸವೂ ಉಂಟು. ಇವುಗಳ ಬೆಲೆ ಭಕ್ತಿಯಲ್ಲಿದೆ, ತೂಕದಲ್ಲಲ್ಲ. ಜೊತೆಗೆ ದೇಸಾಯಿ, ಇನಾಮದಾರರ ವಾಡೆಗಳಲ್ಲಿ ಕೊಪ್ಪರಿಗೆ ಹೂತಿಟ್ಟ ಕಥೆಗಳು, ಕಿತ್ತೂರಿನ ಸಂಪತ್ತನ್ನು ಬಚ್ಚಿಟ್ಟ ಕಥೆಗಳು ಸೇರಿ, ಪ್ರತಿ ಪಾಳುಗುಡಿಯೂ ಖಜಾನೆಯೆಂಬ ಭ್ರಮೆ ಬೆಳೆದಿದೆ.

ಇನ್ನೊಂದು ಭ್ರಮೆ ಶಾಸನದ ಕಲ್ಲಿನ ಬಗೆಗಿನದು. ಈ ಭಾಗದ ಒಂದು ದಾನಶಾಸನವನ್ನು ಹತ್ತಿರದಿಂದ ನೋಡಿದರೆ ತಲೆಯ ಭಾಗದಲ್ಲಿ ನಡುವೆ ಲಿಂಗ ಅಥವಾ ಜಿನ, ಪಕ್ಕದಲ್ಲಿ ಪೂಜಿಸುವ ಯತಿ, ಇನ್ನೊಂದು ಪಕ್ಕ ಕರುವಿಗೆ ಹಾಲೂಡುವ ಆಕಳು, ಮೇಲೆ ಸೂರ್ಯ ಮತ್ತು ಚಂದ್ರ ಕಾಣುತ್ತವೆ. ಸೂರ್ಯಚಂದ್ರರಿರುವ ತನಕ ದಾನ ನಡೆಯಲಿ ಎಂಬುದು ಅದರ ಅರ್ಥ. ಕೆಳಗೆ ಒತ್ತೊತ್ತಾಗಿ ಕೊರೆದ ಸಾಲುಗಳಲ್ಲಿ ಯಾರು, ಯಾವಾಗ, ಎಷ್ಟು ಮತ್ತರು ಭೂಮಿ, ಎಷ್ಟು ಎಣ್ಣೆ, ಯಾವ ಗುಡಿಯ ದೀಪಕ್ಕೆ ಕೊಟ್ಟರೆಂಬ ವಿವರ. ನಿಧಿಗಳ್ಳರು ಇದೇ ಆಕಳು–ಕರುವನ್ನು, ಸೂರ್ಯನನ್ನು ದಿಕ್ಕಿನ ಗುರುತೆಂದು ತಿಳಿದು ಕಲ್ಲಿನ ಬುಡ ಅಗೆಯುತ್ತಾರೆ. ಕಲ್ಲು ವಾಲುತ್ತದೆ, ಬೀಳುತ್ತದೆ, ಸೀಳುತ್ತದೆ. ಎಂಟು ನೂರು ವರ್ಷ ಉಳಿದ ಒಂದು ಊರಿನ ಚರಿತ್ರೆ ಒಂದೇ ರಾತ್ರಿಯಲ್ಲಿ ಓದಲಾಗದಂತಾಗುತ್ತದೆ. ಬಹುಪಾಲು ಇಂಥ ಶಾಸನಗಳ ಕೊನೆಯಲ್ಲಿ ಶಾಪವೂ ಇರುತ್ತದೆ: ಈ ಧರ್ಮವನ್ನು ಕೆಡಿಸಿದವನಿಗೆ ವಾರಾಣಸಿಯಲ್ಲಿ ಕವಿಲೆ ಹಸುವನ್ನೂ ಬ್ರಾಹ್ಮಣರನ್ನೂ ಕೊಂದ ಪಾಪ ತಟ್ಟಲಿ ಎಂದು. ದೇವರ ಸೊತ್ತನ್ನು ಕಾಯಲು ಆ ಕಾಲದವರು ಬರೆದ ಕಾನೂನು ಅದು.

ನಿಧಿಗಳ್ಳತನದ ಗುರುತುಗಳನ್ನು ಹಳ್ಳಿಯವರು ಬಲ್ಲರು. ಹೆಚ್ಚಾಗಿ ಅಮಾವಾಸ್ಯೆಯ ಆಸುಪಾಸು. ಬೆಳಿಗ್ಗೆ ನೋಡಿದರೆ ಲಿಂಗ ಪಾಣಿಪೀಠದಿಂದ ಎದ್ದು ಪಕ್ಕಕ್ಕೆ ಉರುಳಿರುತ್ತದೆ, ಬಸವಣ್ಣನ ಬೆನ್ನು ಅಥವಾ ಕೊರಳು ಒಡೆದಿರುತ್ತದೆ, ಆಳೆತ್ತರದ ಗುಂಡಿ, ಸುತ್ತ ಲಿಂಬೆಹಣ್ಣು, ಅರಿಷಿಣ ಕುಂಕುಮ, ಒಡೆದ ತೆಂಗಿನಕಾಯಿ. ಈಗ ಲೋಹಶೋಧಕ ಯಂತ್ರ, ಜೆಸಿಬಿಯೂ ಸೇರಿಕೊಂಡಿವೆ. ಇದರಲ್ಲಿ ಮೋಸ ಹೋಗುವವರು ಬಹಳ. ನಿಧಿ ತೋರಿಸುತ್ತೇನೆಂದು ಹೇಳುವ ಮಂತ್ರವಾದಿಗೆ ಹೊಲ ಮಾರಿ ಹಣ ಕೊಟ್ಟವರಿದ್ದಾರೆ.

ನಾಡನ್ನೇ ಬೆಚ್ಚಿಬೀಳಿಸಿದ ಘಟನೆ 2019ರ ಜುಲೈನದು. ಆನೆಗೊಂದಿ ಬಳಿಯ ತುಂಗಭದ್ರೆಯ ನಡುಗಡ್ಡೆಯಲ್ಲಿ ನವಬೃಂದಾವನವಿದೆ. ಅಲ್ಲಿನ ವ್ಯಾಸರಾಜ ತೀರ್ಥರ ಬೃಂದಾವನವನ್ನು ನಿಧಿಯಾಸೆಗೆ ಕೆಡವಲಾಯಿತು. ಕೃಷ್ಣದೇವರಾಯನ ಕಾಲದ ಮಹಾನುಭಾವ, ಪುರಂದರದಾಸರ ಗುರು ವ್ಯಾಸರಾಜರ ಸಮಾಧಿ ಅದು. ಆಂಧ್ರದಿಂದ ಬಂದ ತಂಡವನ್ನು ಪೊಲೀಸರು ಬೇಗನೆ ಹಿಡಿದರು. ಭಕ್ತರು ಕೂಡಿ ಬೃಂದಾವನವನ್ನು ಕೂಡಲೇ ಮತ್ತೆ ಕಟ್ಟಿದರು. ಆ ಬೃಂದಾವನಕ್ಕೆ ಭಕ್ತರಿದ್ದರು, ಮಠಗಳಿದ್ದವು. ಹೂಲಿಯ ಕಂಟಿಯೊಳಗಿನ ಒಂದು ಅನಾಮಿಕ ಗುಡಿಗೆ ಅಷ್ಟು ಜನ ಓಡಿಬರುವುದಿಲ್ಲ.

ಬೆಳ್ಳಿಯ ಮುಖವಾಡ, ಕಂಚಿನ ಮೂರ್ತಿ

ತಮಿಳುನಾಡಿನ ಚೋಳ ನಾಡಿನಂತೆ ಇಲ್ಲಿ ಕಂಚಿನ ಉತ್ಸವಮೂರ್ತಿಗಳ ರಾಶಿಯಿಲ್ಲ. ಮೂಲದೇವರು ಕಲ್ಲಿನವರು. ಲೋಹದ್ದು ಜಾತ್ರೆಯಲ್ಲಿ ಹೊರಬರುವ ಬೆಳ್ಳಿಯ ಮುಖವಾಡ, ಪ್ರಭಾವಳಿ, ಪಲ್ಲಕ್ಕಿಯ ಉತ್ಸವಮೂರ್ತಿ, ಘಂಟೆ, ಕಳಸ. ಹಳ್ಳಿಗುಡಿಯ ಕಳವಿನಲ್ಲಿ ಹೋಗುವುದು ಸಾಮಾನ್ಯವಾಗಿ ಇವೇ, ಜೊತೆಗೆ ಹುಂಡಿ. ಕಳವಾದ ಕಲ್ಲಿನ ಮೂರ್ತಿ ಮರಳಿ ಸಿಕ್ಕೀತೆಂಬ ಆಸೆ ಇರುತ್ತದೆ. ಬೆಳ್ಳಿ ಮಾತ್ರ ಕರಗಿತೆಂದರೆ ಗುರುತು ಹತ್ತುವುದೇ ಇಲ್ಲ. ಮೂರು ತಲೆಮಾರಿನ ಹಿಂದೆ ಊರವರು ವರ್ಗಣಿ ಎತ್ತಿ ಮಾಡಿಸಿದ ಮುಖವಾಡದ ಬೆಲೆಯನ್ನು ಬೆಳ್ಳಿಯ ತೂಕದಿಂದ ಅಳೆಯಲಾಗದು.

ಬಸದಿಗಳ ಕಂಚಿನ ಮತ್ತು ಹರಳಿನ ಜಿನಬಿಂಬಗಳು ಹೆಚ್ಚಿನ ಅಪಾಯದಲ್ಲಿವೆ. 2013ರ ಜುಲೈನಲ್ಲಿ ಮೂಡುಬಿದಿರೆಯ ಸಿದ್ಧಾಂತ ಬಸದಿಯಿಂದ ಬೆಲೆಬಾಳುವ ಬಿಂಬಗಳು ಕಳವಾದಾಗ ಪೊಲೀಸರು ಒಡಿಶಾದವರೆಗೆ ಹೋಗಿ ಮುಖ್ಯ ಆರೋಪಿಯನ್ನು ಹಿಡಿದು ಕೆಲವು ಬಿಂಬಗಳನ್ನು ತಂದರು. ಬೆಳಗಾವಿ ಸೀಮೆಯಲ್ಲೂ ಜೈನರು ಗಣನೀಯವಾಗಿದ್ದಾರೆ, ಬಸದಿಗಳೂ ಹಲವು; ಇದೇ ಅಪಾಯ ಅವುಗಳಿಗೂ ಇದೆ.

ಕಾನೂನು ಮತ್ತು ಆಡಳಿತ

ಪುರಾವಸ್ತುವಿಗೆ ಇಂದು ಆಧಾರವಾಗಿರುವ ಮುಖ್ಯ ಕಾನೂನು 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯಿದೆ. ಅದು 1976ರ ಏಪ್ರಿಲ್ 5ರಿಂದ ಜಾರಿಯಲ್ಲಿದೆ. ನೂರು ವರ್ಷ ದಾಟಿದ ಶಿಲ್ಪ, ನಾಣ್ಯ, ಶಾಸನ, ಚಿತ್ರ ಮುಂತಾದವು ಪುರಾವಸ್ತು. ಹಸ್ತಪ್ರತಿಗಳಿಗೆ 75 ವರ್ಷ ಸಾಕು. ಕೇಂದ್ರ ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟ ಸಂಸ್ಥೆಯ ಹೊರತು ಯಾರೂ ಇವನ್ನು ದೇಶದಾಚೆ ಸಾಗಿಸುವಂತಿಲ್ಲ. ತಪ್ಪಿಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆ. ಕೋಟಿಗಟ್ಟಲೆ ವ್ಯವಹಾರಕ್ಕೆ ಈ ಶಿಕ್ಷೆ ಏನೇನೂ ಸಾಲದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಇಲ್ಲಿ ಒಂದು ಹೆಜ್ಜೆ ಮುಂದಿಟ್ಟಿದೆ: ಪೂಜಾಸ್ಥಳದಿಂದ ವಿಗ್ರಹ ಕದಿಯುವುದನ್ನು 305ನೆಯ ಕಲಮಿನಲ್ಲಿ ಹೆಸರಿಸಿ, ಏಳು ವರ್ಷದವರೆಗಿನ ಸೆರೆಗೆ ಅವಕಾಶ ಮಾಡಿದೆ.

ನೆಲದಲ್ಲಿ ಸಿಕ್ಕ ನಿಧಿಗೆ 1878ರ ಭಾರತೀಯ ನಿಕ್ಷೇಪ ಕಾಯಿದೆಯ ಜಾಡಿನಲ್ಲಿ ಕರ್ನಾಟಕಕ್ಕೆ 1962ರ ಸ್ವಂತ ಕಾಯಿದೆಯಿದೆ. ಸಿಕ್ಕವನು ಜಿಲ್ಲಾಧಿಕಾರಿಗೆ ತಿಳಿಸಬೇಕು. ತಿಳಿಸಿದವನಿಗೆ ಪ್ರತಿಫಲದ ದಾರಿ ಇದೆ, ಮುಚ್ಚಿಟ್ಟವನಿಗೆ ಶಿಕ್ಷೆ. ಈ ಮಾತು ಹೊಲ ಉಳುವವನ ಕಿವಿಗೆ ಬಿದ್ದಿಲ್ಲ ಎಂಬುದೇ ತೊಂದರೆ. ಪೊಲೀಸರಿಗೆ ಹೆದರಿ ನಾಣ್ಯವನ್ನು ಅಕ್ಕಸಾಲಿಗನಿಗೆ ಕೊಡುತ್ತಾರೆ, ಅದು ಕರಗಿ ಚರಿತ್ರೆಯೂ ಕರಗುತ್ತದೆ.

ಸ್ಮಾರಕಗಳ ಹೊಣೆ ಹಂಚಿಹೋಗಿದೆ. ರಾಷ್ಟ್ರೀಯ ಮಹತ್ವದವು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಧಾರವಾಡ ವಲಯಕ್ಕೆ, ಇನ್ನು ಕೆಲವು ರಾಜ್ಯದ ಪುರಾತತ್ವ ಇಲಾಖೆಗೆ, ಪೂಜೆ ನಡೆಯುವ ಎಷ್ಟೋ ಗುಡಿಗಳು ಮುಜರಾಯಿ ಇಲಾಖೆಗೆ, ಮಿಕ್ಕವು ಊರ ಪಂಚರಿಗೆ, ಗುರವರಿಗೆ, ಪೂಜಾರಿ ಮನೆತನಗಳಿಗೆ. ಹೆಚ್ಚಿನ ಗುಡಿಗಳು ಯಾವ ಸಂರಕ್ಷಿತ ಪಟ್ಟಿಯಲ್ಲೂ ಇಲ್ಲ. ಪಟ್ಟಿಯಲ್ಲಿದ್ದರೆ ಸಾಕೆಂದೂ ಅಲ್ಲ: 2013ರಲ್ಲಿ ಮಹಾಲೇಖಪಾಲರ ತಂಡ ದೇಶದ 1,655 ಸಂರಕ್ಷಿತ ಸ್ಮಾರಕಗಳನ್ನು ಖುದ್ದಾಗಿ ಪರಿಶೀಲಿಸಿದಾಗ 92 ಸ್ಮಾರಕಗಳು ಸ್ಥಳದಲ್ಲಿ ಸಿಗಲೇ ಇಲ್ಲ. ಕಟ್ಟಡವೇ ಕಾಣೆಯಾಗುವಲ್ಲಿ ಮೂರ್ತಿಯ ಮಾತೇನು?

ಕಿತ್ತೂರು ಕೋಟೆಯೊಳಗೆ 1967ರಲ್ಲಿ ಆರಂಭವಾದ ವಸ್ತುಸಂಗ್ರಹಾಲಯ ಈ ನಾಲ್ಕು ತಾಲ್ಲೂಕುಗಳ ಪಾಲಿಗೆ ದೊಡ್ಡ ಆಸರೆ. ಸುತ್ತಲಿನ ಹಳ್ಳಿಗಳಿಂದ ತಂದ ಮೂರ್ತಿ, ವೀರಗಲ್ಲು, ಶಾಸನ, ಕತ್ತಿ, ಕವಚ, ಕೆತ್ತಿದ ಬಾಗಿಲು ಅಲ್ಲಿವೆ. ಊರಿನ ಕಲ್ಲನ್ನು ಮ್ಯೂಸಿಯಂಗೆ ಒಯ್ಯಬಾರದೆಂಬ ವಾದ ಹಳ್ಳಿಗಳಲ್ಲಿ ಕೇಳಿಬರುತ್ತದೆ, ಅದರಲ್ಲಿ ಹುರುಳೂ ಇದೆ. ಪೂಜೆಯಲ್ಲಿರುವ ದೇವರನ್ನು ಮುಟ್ಟಬಾರದು. ಆದರೆ ತಿಪ್ಪೆಯ ಪಕ್ಕ, ಬಟ್ಟೆ ಒಗೆಯುವ ಕಲ್ಲಾಗಿ ಬಿದ್ದಿರುವ ವೀರಗಲ್ಲಿಗೆ ಕಿತ್ತೂರೇ ಸರಿಯಾದ ಜಾಗ.

ಕಳ್ಳಸಾಗಣೆಯ ಜಾಲ ಮತ್ತು ಚಲನಚಿತ್ರಗಳು

ಕದ್ದ ಮೂರ್ತಿ ಹೇಗೆ ಸಾಗುತ್ತದೆಂಬುದಕ್ಕೆ ಬಿಚ್ಚಿಟ್ಟ ಉದಾಹರಣೆ ತಮಿಳುನಾಡಿನ ಶ್ರೀಪುರಂದಾನ್ ನಟರಾಜ. ಪೂಜೆ ನಿಂತು ಬೀಗ ಬಿದ್ದ ಹಳ್ಳಿಗುಡಿಯಿಂದ ಸ್ಥಳೀಯ ಕಳ್ಳರು ಅದನ್ನು ಎತ್ತಿದರು. ಮಧ್ಯವರ್ತಿಗಳ ಕೈ ದಾಟಿ ಅದು ನ್ಯೂಯಾರ್ಕಿನ ವ್ಯಾಪಾರಿ ಸುಭಾಷ್ ಕಪೂರನನ್ನು ಮುಟ್ಟಿತು. ಸುಳ್ಳು ಒಡೆತನದ ಕಾಗದ ಹುಟ್ಟಿಸಿ 2008ರಲ್ಲಿ ಆಸ್ಟ್ರೇಲಿಯದ ರಾಷ್ಟ್ರೀಯ ಗ್ಯಾಲರಿಗೆ ಸುಮಾರು 50 ಲಕ್ಷ ಡಾಲರಿಗೆ ಮಾರಲಾಯಿತು. ಪುದುಚೇರಿಯ ಫ್ರೆಂಚ್ ಸಂಸ್ಥೆ ದಶಕಗಳ ಹಿಂದೆ ಗುಡಿಗುಡಿಗೆ ಹೋಗಿ ತೆಗೆದಿಟ್ಟ ಫೋಟೋ ಈ ಸುಳ್ಳನ್ನು ಮುರಿಯಿತು. 2014ರಲ್ಲಿ ನಟರಾಜ ಭಾರತಕ್ಕೆ ಮರಳಿದ. 2011ರಲ್ಲಿ ಜರ್ಮನಿಯಲ್ಲಿ ಸಿಕ್ಕಿಬಿದ್ದ ಕಪೂರನಿಗೆ 2022ರ ನವೆಂಬರಿನಲ್ಲಿ ಕುಂಭಕೋಣದ ನ್ಯಾಯಾಲಯ ಹತ್ತು ವರ್ಷ ಶಿಕ್ಷೆ ಕೊಟ್ಟಿತು. ತಮಿಳುನಾಡಿನಲ್ಲಿ 1983ರಿಂದ ವಿಗ್ರಹ ಕಳವಿಗೆಂದೇ ಪೊಲೀಸ್ ವಿಭಾಗವಿದೆ. ಅದೇ ವಿಭಾಗದಲ್ಲಿದ್ದ ಅಧಿಕಾರಿಯೊಬ್ಬರ ಮೇಲೂ ಕಳ್ಳರ ಜೊತೆ ಕೈಜೋಡಿಸಿದ ಆರೋಪ ಬಂತು. ಭ್ರಷ್ಟಾಚಾರವಿಲ್ಲದೆ ಒಂದು ಆಳುದ್ದದ ಮೂರ್ತಿ ಹಳ್ಳಿಯಿಂದ ಬಂದರಿಗೆ, ಬಂದರಿನಿಂದ ಹಡಗಿಗೆ ದಾಟುವುದು ಸಾಧ್ಯವಿಲ್ಲ.

ಈ ವಸ್ತು ತೆರೆಗೂ ಬಂದಿದೆ. ಹೇಮಂತ್ ಎಂ. ರಾವ್ ನಿರ್ದೇಶನದ ಕನ್ನಡ ಚಿತ್ರ ‘ಕವಲುದಾರಿ’ 2019ರ ಏಪ್ರಿಲ್ 12ರಂದು ತೆರೆಕಂಡಿತು. ಪುನೀತ್ ರಾಜ್‌ಕುಮಾರ್ ಅವರ ಪಿಆರ್‌ಕೆ ಪ್ರೊಡಕ್ಷನ್ಸ್‌ನ ಮೊದಲ ಚಿತ್ರ ಅದು. ಅಗೆತದಲ್ಲಿ ಸಿಕ್ಕ ತಲೆಬುರುಡೆಗಳ ಬೆನ್ನು ಹತ್ತುವ ಟ್ರಾಫಿಕ್ ಪೊಲೀಸ್ ಆಗಿ ರಿಷಿ, ಹಳೆಯ ಪ್ರಕರಣವನ್ನು ಮರೆಯಲಾರದ ನಿವೃತ್ತ ಅಧಿಕಾರಿಯಾಗಿ ಅನಂತ್ ನಾಗ್. ಪುರಾತತ್ವ ಇಲಾಖೆಯ ಅಧಿಕಾರಿಯೊಬ್ಬನ ಕುಟುಂಬ ಕಾಣೆಯಾದದ್ದು, ಅಮೂಲ್ಯ ಪುರಾತನ ನಿಧಿ, ಅದರ ಹಿಂದಿನ ರಾಜಕೀಯ ಬಲ ಇವು ಕಥೆಯ ಒಡಲು. ಇದೇ ಕಥೆ ತಮಿಳಿನಲ್ಲಿ 2021ರ ಜನವರಿಯಲ್ಲಿ ಸಿಬಿ ಸತ್ಯರಾಜ್ ನಟನೆಯ ‘ಕಬಡದಾರಿ’ಯಾಗಿ, ತೆಲುಗಿನಲ್ಲಿ ‘ಕಪಟಧಾರಿ’ಯಾಗಿ ಬಂತು. ಅದೇ ವರ್ಷದ ನವೆಂಬರಿನಲ್ಲಿ ಪ್ರಭುದೇವ ನಟಿಸಿದ ತಮಿಳು ಚಿತ್ರ ‘ಪೊನ್ ಮಾಣಿಕ್ಕವೇಲ್’ ಬಿಡುಗಡೆಯಾಯಿತು; ವಿಗ್ರಹ ಕಳವು ವಿಭಾಗದಿಂದ ಹೆಸರಾದ ಪೊಲೀಸ್ ಅಧಿಕಾರಿಯ ಹೆಸರನ್ನೇ ಅದು ಹೊತ್ತಿದೆ.

ಇವುಗಳಲ್ಲಿ ‘ಕವಲುದಾರಿ’ಯೇ ಹೆಚ್ಚು ನಿಜಕ್ಕೆ ಹತ್ತಿರ. ಹೊಡೆದಾಟಕ್ಕಿಂತ ಕಡತ ಹುಡುಕುವುದು, ಹಳೆಯ ಪತ್ರಿಕೆ ತಿರುವುವುದು, ಸಾಕ್ಷಿಯ ನೆನಪನ್ನು ಕೆದಕುವುದು ಅದರಲ್ಲಿ ಮುಖ್ಯವಾಗಿವೆ. ಪುರಾವಸ್ತು ಪ್ರಕರಣಗಳು ಗೆಲ್ಲುವುದೂ ಹೀಗೆಯೇ.

ದಾಖಲೆಯ ಕೆಲಸ

ಯುನೆಸ್ಕೊದ 1970ರ ಒಡಂಬಡಿಕೆಗೆ ಭಾರತ 1977ರಲ್ಲಿ ಸೇರಿತು. 2024ರ ಜುಲೈನಲ್ಲಿ ಅಮೆರಿಕದೊಡನೆ ಸಾಂಸ್ಕೃತಿಕ ಆಸ್ತಿಯ ಒಪ್ಪಂದವಾಯಿತು. ಆದರೆ ಯಾವ ಒಪ್ಪಂದದಡಿಯಲ್ಲೂ ವಸ್ತು ನಮ್ಮದೆಂದು ನಾವೇ ತೋರಿಸಬೇಕು. ಧಾರವಾಡದಲ್ಲಿ 1939ರಲ್ಲಿ ಸ್ಥಾಪನೆಯಾದ ಕನ್ನಡ ಸಂಶೋಧನ ಸಂಸ್ಥೆಯ ಶಾಸನ ಸಂಪುಟಗಳು, ಬಾಂಬೆ–ಕರ್ನಾಟಕ ಶಾಸನಗಳ ಸಂಪುಟಗಳು ಬರಹವಿರುವ ಕಲ್ಲಿಗೆ ಈ ಸಾಕ್ಷಿ ಒದಗಿಸುತ್ತವೆ. ಬರಹವಿಲ್ಲದ ಸಪ್ತಮಾತೃಕೆ, ಮಹಿಷಮರ್ದಿನಿ, ನಾಗಶಿಲ್ಪಗಳಿಗೆ ಸಾಕ್ಷಿಯೇ ಇಲ್ಲ. ಬಿಟ್ಟುಹೋದ ಕೆಲಸ ಅಲ್ಲಿದೆ, ಅದಕ್ಕೆ ವಿದ್ವಾಂಸರೇ ಬೇಕೆಂದಿಲ್ಲ. ಮೂರ್ತಿಯ ಮುಂದೆ, ಹಿಂದೆ, ಎರಡೂ ಬದಿಯಿಂದ ಹಗಲು ಬೆಳಕಿನಲ್ಲಿ ಫೋಟೋ. ಪಕ್ಕದಲ್ಲಿ ಅಳತೆಯ ಪಟ್ಟಿ. ಮುರಿದ ಬೆರಳು, ಸವೆದ ಮೂಗು, ಸೀಳಿದ ಪೀಠದಂಥ ಗುರುತುಗಳ ಹತ್ತಿರದ ಚಿತ್ರ. ಊರು, ಗುಡಿ, ತಾರೀಖು. ಮುರುಕೇ ಮೂರ್ತಿಯ ಬೆರಳಚ್ಚು. ಬೆಳ್ಳಿಯ ಮುಖವಾಡವಾದರೆ ತೂಕ, ಹಿಂಬದಿಯಲ್ಲಿ ಕೊರೆದ ದಾನಿಯ ಹೆಸರನ್ನೂ ಸೇರಿಸಬೇಕು. ಈ ದಾಖಲೆಯ ಒಂದು ಪ್ರತಿ ಗುಡಿಯ ಕಮಿಟಿಯಲ್ಲಿ, ಒಂದು ಗ್ರಾಮ ಪಂಚಾಯಿತಿಯಲ್ಲಿ, ಒಂದು ಊರಿನ ಶಾಲೆಯಲ್ಲಿ ಇರಬೇಕು.

ಹೊಲದಲ್ಲೋ ಅಡಿಪಾಯದಲ್ಲೋ ಹಳೆಯ ಕಲ್ಲು, ನಾಣ್ಯ, ತಾಮ್ರಪಟ ಸಿಕ್ಕರೆ ತೊಳೆಯಬೇಡಿ, ಉಜ್ಜಬೇಡಿ, ಮಾರಬೇಡಿ. ಸಿಕ್ಕ ಜಾಗದಲ್ಲೇ ಫೋಟೋ ತೆಗೆದು ತಹಶೀಲ್ದಾರರಿಗೂ ಪುರಾತತ್ವ ಇಲಾಖೆಗೂ ತಿಳಿಸಿ. ಪಾಳುಗುಡಿಯಲ್ಲಿ ಹೊಸ ಗುಂಡಿ ಕಂಡರೆ ಅದೇ ದಿನ ಪೊಲೀಸರಿಗೆ ಹೇಳಿ, ಪಂಚನಾಮೆ ಮಾಡಿಸಿ.